ಹಲಗೆಯ ಮೇಲಿನ ಮಂಜುಗಡ್ಡೆ

ಒದ್ದೆ ಗೋಣಿಚೀಲ, ಮರದ ಹೊಟ್ಟು ಎರಡೂ ಸೇರಿದರೆ ಒಂದು ಮುಗ್ಗಲು ವಾಸನೆ ಬರುತ್ತದೆ. ಹಿರಿಯೂರಿನ ಹೆದ್ದಾರಿ ಬದಿಯ ನನ್ನ ಕಬ್ಬಿನ ಹಾಲಿನ ಗಾಡಿಯಲ್ಲಿ ಮಂಜುಗಡ್ಡೆಯ ಚೀಲ ಬಿಚ್ಚಿದಾಗಲೆಲ್ಲ ಅದು ಮೂಗಿಗೆ ಬಡಿಯುತ್ತದೆ, ಅಕ್ಕ ನೆನಪಾಗುತ್ತಾಳೆ. ಜೊತೆಗೆ ಸಿಟ್ಟೂ ಬರುತ್ತದೆ. ಅವಳ ಮೇಲೆ ಸ್ವಲ್ಪ, ನನ್ನ ಮೇಲೆ ಬಹಳ.

ಅಕ್ಕನನ್ನು ಕರಾವಳಿಗೆ ಕೊಟ್ಟಿದ್ದೆವು. ಮನೆ ಸಮುದ್ರದ ಮಗ್ಗುಲಲ್ಲೇ. ಒಂದು ಬೇಸಿಗೆಯಲ್ಲಿ ಬಂದವಳು ಗಾಡಿ ಪಕ್ಕದ ಬೆಂಚಿನ ಮೇಲೆ ಕುಳಿತು ಹೇಳಿದಳು:

“ಲೇ ತಮ್ಮ, ಸಮುದ್ರ ನಮ್ಮ ಹಿತ್ತಲಿಗೇ ಬಂದೈತೆ ಕಣೋ. ಎಲ್ಲೋ ಭೂಮಿ ತುದೀಲಿ ನೆಲದ ಮೇಲೆ ಬೆಟ್ಟದಂಗೆ ಮಂಜುಗಡ್ಡೆ ಐತಂತೆ. ಅದು ಕರಗಿ ಸಮುದ್ರ ಏರ್ತೈತೆ ಅಂತ ಮಗಳ ಶಾಲೇಲಿ ಹೇಳಿದ್ರಂತೆ. ಬಬ್ಬೂರಿನ ನಮ್ಮಪ್ಪನ ಹೊಲದಾಗೆ ಒಂದು ಮೂಲೆ ಕೊಡು, ಎರಡು ಕೋಣೆ ಹಾಕ್ಕೊಂಡು ಬಂದ್ಬಿಡ್ತೀವಿ.”

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಮಂಜುಗಡ್ಡೆಯ ವಿಷಯ ನನಗೇ ಹೇಳಿಕೊಡುವುದೇ? ಲೋಟಕ್ಕೆ ಒಂದು ತುಂಡು ಐಸ್ ಹಾಕಿ, ಅಂಚಿನ ತನಕ ನೀರು ತುಂಬಿ ಅವಳ ಮುಂದಿಟ್ಟೆ. ಐಸ್ ಕರಗಿತು. ಒಂದು ಹನಿಯೂ ಚೆಲ್ಲಲಿಲ್ಲ.

“ಎಲ್ಲಿ ಏರ್ತಕ್ಕ ನಿನ್ನ ಸಮುದ್ರ? ಸುಮ್ನೆ ಊರಿಗೆ ಹೋಗು, ಭಾವ ಕೇಳಿದ್ರೆ ನಗ್ತಾರೆ.”

ಗಿರಾಕಿಗಳೂ ನಕ್ಕರು. ಸಾರಿಗೆ ಉಪ್ಪು ಕಡಿಮೆ ಎಂದರೂ ಕೇರಿಗೆಲ್ಲ ಕೇಳುವಂತೆ ಜಗಳ ತೆಗೆಯುವ ಅಕ್ಕ, ಅವತ್ತು ಲೋಟವನ್ನೇ ನೋಡುತ್ತಾ, “ಹಂಗಾದ್ರೆ ಸರಿ ಬಿಡು…” ಎಂದು ಎದ್ದಳು. ಅವತ್ತೊಂದು ದಿನ ಜಗಳ ಆಡಬಾರದಾಗಿತ್ತೇ, ತಾಯಿ!

ನಿಜ ಹೇಳುತ್ತೇನೆ. ನನಗಿದ್ದದ್ದು ಸಮುದ್ರದ ಚಿಂತೆಯಲ್ಲ, ಹೊಲದ ಮೂಲೆ ಕೈತಪ್ಪುತ್ತದೆಂಬ ಚಿಂತೆ.

ಮುಂದೆ ಅವರ ಬಾವಿ ಉಪ್ಪಾಯಿತು. ಹಿತ್ತಲ ಗೋಡೆ ಹೋಯಿತು. ಆಮೇಲೆ ಮನೆ… ತೇವ ಹಿಡಿದ ಬಾಡಿಗೆ ಕೋಣೆಯೊಂದರಲ್ಲಿ ಅಕ್ಕ ತೀರಿಕೊಂಡಳು. ಮತ್ತೆಂದೂ ನನ್ನನ್ನು ಏನೂ ಕೇಳಿರಲಿಲ್ಲ. ನಾನು ಉಳಿಸಿಕೊಂಡ ಮೂಲೆಯಲ್ಲಿ ಇವತ್ತಿಗೂ ಜಾಲಿ ಬಿಟ್ಟರೆ ಏನೂ ಇಲ್ಲ.

ಮೊನ್ನೆ ಲೋಟ ತೊಳೆಯುವ ಬಕೆಟ್ಟನ್ನು ತುಂಬಿಸಿ, ಐಸ್ ಇಡುವ ಹಲಗೆಯ ಕೆಳಗೆ ಬಿಟ್ಟಿದ್ದೆ. ಮೇಲಿನ ಗಡ್ಡೆ ಕರಗಿ ತೊಟ್ಟಿಕ್ಕಿ, ಬಕೆಟ್ ತುಂಬಿ ಹರಿಯಿತು. ನೆಲದ ಮೇಲೆ ಅಂದಿದ್ದಳು ಅಕ್ಕ, ನಾನು ಲೋಟದಲ್ಲಿ ತೋರಿಸಿದಂತೆ ನೀರಿನಲ್ಲಿ ಅಂದಿರಲಿಲ್ಲ. ದಿನವೂ ಇದೇ ಹಲಗೆ, ಇದೇ ಬಕೆಟ್… ನನ್ನ ಕಣ್ಣಿಗೆ ಏನಾಗಿತ್ತೋ!

“ಏನಪ್ಪ, ನೀರು ಹರ್ದು ಹೋಗ್ತೈತೆ, ನೋಡಬಾರ್ದಾ?” ಎಂದು ಗಿರಾಕಿಯೊಬ್ಬ ಗದರಿದ.

“ಈಗ ನೋಡ್ದೆ ಕಣಪ್ಪ” ಎಂದೆ. ಆ ಮಾತು ಕೇಳಬೇಕಾದವಳು ಬೆಂಚಿನ ಮೇಲೆ ಇರಲಿಲ್ಲ.