ತಣ್ಣಗಿದ್ದ ಚಕ್ರ

ಊರಿನವರು ಅವಳನ್ನು ದೋಣಿಯಕ್ಕ ಎಂದು ಕರೆಯುತ್ತಿದ್ದರು. ದೋಣಿ ನಡೆಸಲು ಬರುತ್ತಿತ್ತು ಎಂದಲ್ಲ. ನೀರು ಮೊಣಕಾಲು ದಾಟಿದರೆ ಅವಳ ಜೀವ ಬಾಯಿಗೆ ಬರುತ್ತಿತ್ತು. ಕೆಳಗೆ ಸರೋವರ, ಗುಡ್ಡದ ಮೇಲೆ ಊರು. ಕೆಟ್ಟ ದೋಣಿಗಳನ್ನು ಮೇಲೆ ತರುವುದು, ಸರಿಯಾದ ಮೇಲೆ ಕೆಳಗೆ ಮುಟ್ಟಿಸುವುದು ಅವಳ ಕೆಲಸ. ಊರಿನ ಅಂಚಿನ ಶೆಡ್ಡಿನಲ್ಲಿ ಗಂಡ ದೋಣಿಗಳ ಬಿರುಕು ಮುಚ್ಚಿ ಬಣ್ಣ ಬಳಿಯುತ್ತಿದ್ದ. ಅವನಿಗೆ ತಿರುವು ಕಂಡರೆ ತಲೆಸುತ್ತು. ಹಾಗಾಗಿ, ಮದುವೆಗೆ ಮುಂಚೆ ಶಾಲೆಯ ವ್ಯಾನು ಓಡಿಸುತ್ತಿದ್ದವಳ ಕೈಗೆ ಜೀಪು ಬಂತು, ಅದರ ಬೆನ್ನಿಗೆ ಟ್ರೇಲರು ಬಂತು. "ಸೊಸೆ ಹುಡುಕ್ತಿದ್ವಿ, ಡ್ರೈವರನ್ನೂ ಹುಡುಕ್ತಿದ್ವಿ. ಎರಡೂ ಒಂದರಲ್ಲೇ ಸಿಕ್ತು" ಎಂದು ಅತ್ತೆ ಬಂದವರ ಮುಂದೆಲ್ಲ ನಗಾಡುತ್ತಿದ್ದರು.

ಅವಳು ಹೆದರುಪುಕ್ಕಲಿ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಮರಳುವವಳು. ಮಗು ಹುಟ್ಟಿದ ಮೇಲಂತೂ ಕೇಳುವುದೇ ಬೇಡ. ಅದು ಸುಮ್ಮನೆ ಮಲಗಿದರೂ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುವಳು. ಆದರೆ ಇಳಿಜಾರಿನಲ್ಲಿ ಆ ಹೆದರಿಕೆಯೇ ಅವಳನ್ನು ಕಾಯುತ್ತದೆ ಎಂದು ಎಲ್ಲರೂ ನಂಬಿದ್ದರು. ಅವಳೂ ನಂಬಿದ್ದಳು.

ಆ ಟ್ರೇಲರಿನ ಬ್ರೇಕಿಗೆ ಪೆಡಲು ಇರಲಿಲ್ಲ. ಜೀಪು ನಿಧಾನವಾದರೆ ಹಿಂದಿನ ದೋಣಿಯ ಭಾರ ಮುಂದಕ್ಕೆ ನೂಕುತ್ತದೆ. ಆ ನೂಕಿಗೆ ಜೀಪಿಗೂ ಟ್ರೇಲರಿಗೂ ನಡುವಿನ ಕೊಂಡಿ ಒಳಸರಿದು ಟ್ರೇಲರಿನ ಚಕ್ರಗಳನ್ನು ತಾನೇ ಹಿಡಿಯುತ್ತದೆ. ಇಳಿಯುವಾಗ ಅದೇ ಕಾಪಾಡುವುದು. ಫಜೀತಿ ಇರುವುದು ಜೀಪನ್ನು ಹಿಮ್ಮುಖವಾಗಿ ಓಡಿಸಿ ಟ್ರೇಲರನ್ನು ಏರಿಗೆ ಹತ್ತಿಸುವಾಗ. ಆಗಲೂ ಕೊಂಡಿ ಒಳಸರಿದು ಚಕ್ರ ಬಿಗಿದುಕೊಳ್ಳುತ್ತದೆ, ಗಾಡಿ ಅಲುಗುವುದಿಲ್ಲ. ಅದಕ್ಕೆಂದೇ ಕೊಂಡಿ ಸರಿಯದಂತೆ ಒಂದು ಉಕ್ಕಿನ ಪಿನ್ನು ಸಿಕ್ಕಿಸುತ್ತಾರೆ. ಏರಿಸಿಯಾದ ಮೇಲೆ ತೆಗೆಯದಿದ್ದರೆ ಟ್ರೇಲರಿಗೆ ಬ್ರೇಕೇ ಇಲ್ಲ. ತೆಗೆದ ಪಿನ್ನನ್ನು ಅವಳು ಕೆಂಪು ದಾರದಲ್ಲಿ ಕೊರಳಿಗೆ ಹಾಕಿಕೊಳ್ಳುವಳು. ಹಾಲು ಕುಡಿಯುವಾಗ ಮಗು ಅದನ್ನೇ ಹಿಡಿದೆಳೆಯುತ್ತಿದ್ದುದರಿಂದ ದಿನಾ ಸೋಪು ಹಚ್ಚಿ ತೊಳೆಯುವ ಕೆಲಸವೂ ಸೇರಿಕೊಂಡಿತ್ತು.

ಆ ದಿನ ಬೆಳಿಗ್ಗೆ ಪಿನ್ನು ಸಿಕ್ಕಿಸಿ, ಟ್ರೇಲರನ್ನು ಶೆಡ್ಡಿನ ಏರಿಗೆ ಹಿಂದಕ್ಕೆ ಹತ್ತಿಸಿದಳು. ದೊಡ್ಡ ದೋಣಿಯೊಂದನ್ನು ಏರಿಸಿ ಹಗ್ಗ ಬಿಗಿಯುತ್ತಿದ್ದಾಗ ಅತ್ತೆಯ ಫೋನು ಬಂತು. "ಮಗು ಮೈ ಸುಡ್ತಿದೆ ಕಣೇ."

ಅವಳು ಹಗ್ಗದ ಕೊನೆಯ ಗಂಟನ್ನು ಗಡಿಬಿಡಿಯಲ್ಲಿ ಬಿಗಿದಳು. ಪಕ್ಕದಲ್ಲೇ ಮೈದುನ ನಿಂತಿದ್ದ. ಹಿಂದೊಮ್ಮೆ ಶೆಡ್ಡಿನ ಗೇಟಿಗೆ ಜೀಪು ಗುದ್ದಿ ಮನೆಯಲ್ಲಿ 'ಗೇಟುಮುರುಕ' ಎಂಬ ಹೆಸರು ಗಳಿಸಿದವನು.

"ಅತ್ತಿಗೆ, ನಾನು ಇಳಿಸ್ತೀನಿ. ನೀವು ಮನೆಗೆ ಹೋಗಿ."

"ಒಬ್ಬನೇನಾ?"

"ಪಕ್ಕದಲ್ಲಿ ಕೂತು ನೀವು ಬೈದಿದ್ದೆಲ್ಲ ಬಾಯಿಪಾಠ ಆಗಿದೆ. ಇಳಿಯೋಕೆ ಮುಂಚೆನೇ ಗೇರ್ ಕಡಿಮೆ ಮಾಡ್ಬೇಕು. ಬ್ರೇಕ್ ಮೇಲೆ ಕಾಲಿಟ್ಟು ನಿದ್ದೆ ಹೋಗ್ಬಾರ್ದು, ಒತ್ತಬೇಕು, ಬಿಡಬೇಕು. ಫೋನ್ ಮುಟ್ಟಿದ್ರೆ ಕೈ ಮುರೀತೀರಿ. ಸರಿನಾ?"

ಸ್ಟೀರಿಂಗಿನ ಮುಂದೆ ಕೂತವನು ಮತ್ತೆ ತಲೆ ಹೊರಗೆ ಹಾಕಿದ. "ಎಲ್ಲ ನೋಡಿದ್ರಾ ಅತ್ತಿಗೆ?"

"ನೋಡಾಗಿದೆ, ಹೊರಡೋ" ಎಂದು ಕೂಗಿ ಅವಳು ಮನೆಯತ್ತ ಓಡಿದಳು. ದೋಣಿ ಒಯ್ಯಲು ಬಂದಿದ್ದ ಅದರ ಯಜಮಾನ ತನ್ನ ಕಾರಿನಲ್ಲಿ ಟ್ರೇಲರಿನ ಹಿಂದೆ ಹೊರಟ.

ಮನೆಯಲ್ಲಿ ಮಗು ಅಜ್ಜಿಯ ತೊಡೆಯ ಮೇಲೆ ಜೊಲ್ಲು ಸುರಿಸುತ್ತ ಕೂತಿತ್ತು. "ಹಲ್ಲು ಬರ್ತಿದೆ, ಅಷ್ಟೆ. ನೀನು ಹೀಗೆ ಓಡಿಬರ್ತೀಯ ಅಂತ ಗೊತ್ತಿದ್ರೆ, ಸುಡ್ತಿದೆ ಅನ್ನೋ ಬದಲು ಬೆಚ್ಚಗಿದೆ ಅಂತಿದ್ದೆ" ಎಂದರು ಅತ್ತೆ. ಅವಳು ನಿಟ್ಟುಸಿರು ಬಿಟ್ಟು ಮಗುವನ್ನು ಮಡಿಲಿಗೆಳೆದುಕೊಂಡಳು. ಅದರ ಪುಟ್ಟ ಕೈ ಅವಳ ಕೊರಳಲ್ಲಿ ತಡಕಾಡಿತು. ಏನೂ ಸಿಗದೆ ಮಗು ಅಳತೊಡಗಿತು.

"ಎಲ್ಲೇ ಅದರ ಆಟದ ಸಾಮಾನು?"

ಅತ್ತೆ ಕೇಳಿದ್ದು ಅಷ್ಟೆ. ಅವಳು ಕೊರಳು ಮುಟ್ಟಿ ನೋಡಿಕೊಂಡಳು: ದಾರವಿಲ್ಲ, ಪಿನ್ನಿಲ್ಲ. ಮೈದುನನಿಗೆ ಫೋನು ಹಚ್ಚಿದಳು. ಗಂಟೆ ಹೊಡೆದು ಹೊಡೆದು ನಿಂತಿತು. ಮತ್ತೆ ಹಚ್ಚಿದಳು. ಅವನು ಎತ್ತಲಿಲ್ಲ. ಎತ್ತಬಾರದೆಂದು ಕಲಿಸಿದವಳು ತಾನೇ. ಮಗುವನ್ನು ಅತ್ತೆಯ ಕೈಗೆ ತುರುಕಿ, ಗಂಡನ ಸ್ಕೂಟರು ಹತ್ತಿದಳು.

ಪ್ರತಿ ತಿರುವಿನಲ್ಲೂ ಕೆಳಗಿನ ಕಣಿವೆ ನೋಡಲು ಹೆದರಿಕೆ, ನೋಡದಿರಲೂ ಹೆದರಿಕೆ. ದಾರಿಯುದ್ದಕ್ಕೂ ಒಂದೇ ಮಾತು ಅವಳ ಕಿವಿಯಲ್ಲಿ ಕುಟ್ಟುತ್ತಿತ್ತು: ನೋಡಾಗಿದೆ, ನೋಡಾಗಿದೆ. ಮೊದಲು ಸುಟ್ಟ ಬ್ರೇಕಿನ ವಾಸನೆ ಬಂತು. ಆಮೇಲೆ ಜೀಪು ಕಂಡಿತು. ಎಡಗಡೆಯ ಚಕ್ರಗಳು ಚರಂಡಿಯಲ್ಲಿದ್ದವು, ದೋಣಿ ಗುಡ್ಡದ ಬಂಡೆಗೆ ಒರಗಿತ್ತು, ಅದರ ಹೊಸ ಬಣ್ಣ ಉದ್ದಕ್ಕೆ ಕಿತ್ತುಹೋಗಿತ್ತು. ಹಿಂದೆ ಬಂದಿದ್ದ ದೋಣಿಯ ಯಜಮಾನನ ಎದುರು ಮೈದುನ ರಸ್ತೆ ಬದಿ ಕೂತಿದ್ದ. ಜೀವಂತವಾಗಿದ್ದ.

"ತಪ್ಪಾಯ್ತು ಅತ್ತಿಗೆ" ಎಂದ ಅವನು. "ಗೇರ್ ಕಡಿಮೆ ಮಾಡಿದ್ದೆ. ಆದ್ರೂ ಹಿಂದಿಂದ ಯಾರೋ ಒದ್ದ ಹಾಗೆ ನೂಕ್ತಿತ್ತು. ಕೊನೆಗೆ ಬ್ರೇಕ್ ಪೆಡಲ್ಲು ನೆಲಕ್ಕೇ ಹೋಯ್ತು. ಗುಡ್ಡಕ್ಕೆ ಉಜ್ಜಿ ನಿಲ್ಲಿಸ್ದೆ."

ಅವಳು ಕೊಂಡಿ ನೋಡುವವಳಂತೆ ಬಗ್ಗಿದಳು. ಪಿನ್ನು ಅಲ್ಲೇ ಇತ್ತು, ಕೆಂಪು ದಾರ ಜೋತಾಡುತ್ತಿತ್ತು. ಇಬ್ಬರಿಗೂ ಬೆನ್ನು ಹಾಕಿ ಅದನ್ನು ಅಲುಗಿಸಿ ಎಳೆದು ಮುಷ್ಟಿಯಲ್ಲಿ ಮುಚ್ಚಿದಳು. ಮನಸ್ಸು ಯೋಚಿಸುವ ಮೊದಲೇ ಕೈ ಆ ಕೆಲಸ ಮಾಡಿ ಮುಗಿಸಿತ್ತು.

"ಇನ್ಮೇಲೆ ಇವನ ಕೈಗೆ ಗಾಡಿ ಕೊಡ್ಬೇಡಮ್ಮ, ಸೈಕಲ್ಲಿಗೂ ಲಾಯಕ್ಕಿಲ್ಲ ಇವನು" ಎಂದು ಯಜಮಾನ ಕಿರುಚುತ್ತಿದ್ದ.

"ಹೌದು ಸರ್" ಎಂದ ಮೈದುನ ತಲೆ ತಗ್ಗಿಸಿ. "ಇನ್ಮೇಲೆ ಸ್ಟೀರಿಂಗ್ ಮುಟ್ಟಲ್ಲ."

ಆ 'ಹೌದು' ಅವಳಿಗೆ ತಡೆಯಲಾಗಲಿಲ್ಲ. "ಅವನ ತಪ್ಪಲ್ಲ. ಟ್ರೇಲರಿನ ಪಿನ್ನು ನಾನು ತೆಗೆದಿರಲಿಲ್ಲ" ಎಂದಳು.

ಯಜಮಾನ ಬಗ್ಗಿ ಕೊಂಡಿ ನೋಡಿದ. "ಎಲ್ಲಿದೆ ಪಿನ್ನು? ಮೈದುನನ ಮಾನ ಉಳಿಸೋಕೆ ಕತೆ ಕಟ್ತೀಯೇನಮ್ಮ? ಒಳ್ಳೆ ಮನಸ್ಸು ನಿಂದು, ಆದ್ರೆ ನನ್ನ ದೋಣಿ ನೋಡು."

ಅವಳು ಮುಷ್ಟಿ ಬಿಚ್ಚಿದಳು. ಮೈದುನ ಇಲ್ಲವೆಂದು ತಲೆಯಾಡಿಸಿದ. "ಅದು ಯಾವಾಗ್ಲೂ ನಿಮ್ಮ ಹತ್ರಾನೇ ಇರತ್ತೆ ಅತ್ತಿಗೆ. ನನಗೋಸ್ಕರ ಸುಳ್ಳು ಹೇಳ್ಬೇಡಿ." ಅವನ ಕಣ್ಣು ತುಂಬಿ ಬಂದಿತ್ತು.

ಅಲ್ಲಿಗೇ ಬಿಡಬಹುದಿತ್ತು. ನಿಜ ಹೇಳಿದ್ದೇನೆ, ನಂಬದಿದ್ದರೆ ನಾನೇನು ಮಾಡಲಿ ಎಂದುಕೊಳ್ಳಬಹುದಿತ್ತು. ಅಷ್ಟು ಮಾತ್ರವಲ್ಲ, ಒಳ್ಳೆಯ ಅತ್ತಿಗೆ ಎಂಬ ಹೆಸರೂ ಬರುತ್ತಿತ್ತು. ಆ ಯೋಚನೆ ಬಂದದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಮೈದುನನ ರಟ್ಟೆ ಹಿಡಿದೆಬ್ಬಿಸಿ ಜೀಪಿನ ಚಕ್ರದ ಬಳಿಗೆ ಒಯ್ದಳು. ಕಾವಿಗೆ ಕೈ ಹತ್ತಿರ ಒಯ್ಯಲಾಗಲಿಲ್ಲ. ನಂತರ ಟ್ರೇಲರಿನ ಚಕ್ರ ತೋರಿಸಿದಳು.

"ಮುಟ್ಟು."

"ಸುಡತ್ತೆ."

"ಮುಟ್ಟೋ ಅಂದ್ರೆ."

ಅವನು ಅಳುಕುತ್ತ ಬೆರಳಿಟ್ಟ, ಆಮೇಲೆ ಅಂಗೈ ಇಟ್ಟ. ನೀರು ತುಂಬಿದ ಕೊಡದಂತೆ ತಣ್ಣಗಿತ್ತು.

"ಇದು ದಾರಿಯಲ್ಲಿ ಒಂದ್ಸಲನೂ ಹಿಡಿದಿಲ್ಲ ಕಣೋ. ಇಷ್ಟು ಭಾರಾನೂ ನೀನೊಬ್ಬನೇ ತಡೆದಿದ್ದೀಯ."

ಯಜಮಾನನೂ ಬಂದು ಮುಟ್ಟಿ ನೋಡಿ, ತನ್ನ ಕಾರಿನತ್ತ ಹೋದ. ಮೈದುನ ಅಂಗೈ ತೆಗೆಯಲಿಲ್ಲ.

"ಪಿನ್ನು ಇದರಲ್ಲೇ ಇತ್ತಾ?"

"ಇತ್ತು."

"ಈಗ ತೆಗೆದ್ರಾ? ನಾನು ಅಲ್ಲಿ ಕೂತು ಬೈಸಿಕೊಳ್ತಿದ್ದಾಗ?"

ಅವಳು ಹೌದೆಂದು ತಲೆಯಾಡಿಸಿದಳು.

"ಯಾಕೆ?"

ಮಗು, ಜ್ವರ, ಗಾಬರಿ ಎಲ್ಲ ನಾಲಿಗೆಯ ತುದಿಯವರೆಗೆ ಬಂದು ಹಿಂದಕ್ಕೆ ಹೋದವು. "ತಪ್ಪು ನಿನ್ನ ಮೇಲೇ ಹೋಗ್ಲಿ ಅಂತ" ಎಂದಳು.

ಅವನು ಚಕ್ರದ ಮೇಲಿದ್ದ ಅಂಗೈ ತೆಗೆದ. ಆಮೇಲೆ, "ಅಣ್ಣನಿಗೆ ಫೋನ್ ಮಾಡಿ. ನನ್ನ ಎದುರಿಗೇ" ಎಂದ.

ಗಂಡ ಮೊದಲ ರಿಂಗಿಗೇ ಎತ್ತಿಕೊಂಡ. "ಗಾಡಿ ಗುಡ್ಡಕ್ಕೆ ತಗಲಿದೆ" ಎಂದು ಅವಳು ಶುರುಮಾಡುವಷ್ಟರಲ್ಲಿ ಆ ಕಡೆಯಿಂದ ಜೋರು ದನಿ ಬಂತು: "ಮುರಿದ್ನಾ? ನನಗೆ ಗೊತ್ತಿತ್ತು, ಅವನ ಕೈಗೆ ಕೊಡಬಾರ್ದಿತ್ತು."

"ಅವನಲ್ಲ ರೀ, ನಾನು." ಅತ್ತೆಯ ಫೋನು ಬಂದದ್ದರಿಂದ ಹಿಡಿದು ಹೇಳತೊಡಗಿದಳು. ಪಿನ್ನು ಮರೆತದ್ದನ್ನು ಹೇಳಿ ನಿಲ್ಲಿಸಿದಳು.

"ಪಿನ್ನು ಕದ್ದು ತೆಗೆದಿದ್ದನ್ನೂ ಹೇಳಿ" ಎಂದ ಮೈದುನ.

ಹೇಳಿದಳು. ಹೇಳಿ ಮುಗಿಯುವವರೆಗೂ ಅವನು ಅವಳ ಮುಖ ನೋಡಲಿಲ್ಲ.