ಕಳ್ಳಿ ಮತ್ತು ಕರವಸ್ತ್ರ

ಒಂದು ಬೆಳಿಗ್ಗೆ ಹೊಸಪೇಟೆಯ ಬಸ್ ನಿಲ್ದಾಣದ ಪಕ್ಕದಲ್ಲಿ ನಾನು ‘ಕಳ್ಳಿ’ ಎಂದದ್ದು ಮಾತ್ರ ನಿಜ. ಅಂದದ್ದು ಎದುರಿಗಿದ್ದ ಗಿಡಕ್ಕೋ, ಗಿಡ ಮಾರುತ್ತಿದ್ದ ಹೆಂಗಸಿಗೋ ಎಂಬುದು ಇವತ್ತಿಗೂ ಖಾತ್ರಿಯಿಲ್ಲ. ಬೇಲಿಯ ಗಿಡಕ್ಕೂ ಕದಿಯುವ ಹೆಂಗಸಿಗೂ ಒಂದೇ ಪದ ಇಟ್ಟ ಕನ್ನಡ ನನ್ನಂಥ ಪುಕ್ಕಲರಿಗೆ ದೊಡ್ಡ ಉಪಕಾರ ಮಾಡಿದೆ. ಗಿಡದ ಹೆಸರು ಹೇಳಿದೆನಷ್ಟೆ ಎಂದು ನಾನು ಎಷ್ಟೋ ವರ್ಷ ವಾದಿಸಿದ್ದೇನೆ. “ಗಿಡದ ಹೆಸರು ಯಾರೂ ಹಲ್ಲು ಕಡದು ಹೇಳಂಗಿಲ್ರೀ” ಎಂದು ಹೆಂಡತಿ ಗಿರಿಜಾ ಅಷ್ಟೇ ವರ್ಷ ಉತ್ತರ ಕೊಟ್ಟಿದ್ದಾಳೆ. ಆ ಹೊತ್ತಿಗೆ ಅವಳು ಮೆಂತ್ಯ ಸೊಪ್ಪಿನ ಚೀಲ ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದಳಂತೆ. ನನ್ನ ನೆನಪಿನಲ್ಲಿ ಅವಳು ಅಲ್ಲಿ ಇರಲೇ ಇಲ್ಲ. ಸಾಕ್ಷಿಗಳನ್ನು ಹೊರಗೆ ಹಾಕಿ ಬಾಗಿಲು ಮುಚ್ಚುವುದರಲ್ಲಿ ನನ್ನ ನೆನಪು ಬಹಳ ಚುರುಕು.

ಅದು ಕಬ್ಬಿಣದ ಅದಿರಿನ ಕಾಲ. ಸಂಡೂರಿನ ಗುಡ್ಡಗಳು ಲಾರಿ ಹತ್ತಿ ನಮ್ಮ ಮನೆಯ ಮುಂದೆಯೇ ಸಾಗಿ ಹೋಗುತ್ತಿದ್ದವು. ಹೋಗುವಾಗ ತಮ್ಮ ಗುರುತಿಗೆ ಒಂದಿಷ್ಟು ಕೆಂಪು ಧೂಳನ್ನು ಪ್ರತಿ ಮನೆಗೂ ಹಂಚುತ್ತಿದ್ದವು. ಒಗೆದು ಹಾಕಿದ ಬಿಳಿ ಪಂಚೆ ಒಣಗುವಷ್ಟರಲ್ಲಿ ಕಾವಿಯಾಗಿ, ನಾನು ಖರ್ಚಿಲ್ಲದೆ ಸನ್ಯಾಸಿಯಾಗುತ್ತಿದ್ದೆ. ನಮ್ಮ ಬೀದಿಯಲ್ಲಿ ಕೆಂದ ಎಂಬ ನಾಯಿಯಿತ್ತು. ಒಂದು ಜೋರು ಮಳೆಯ ಮರುದಿನ ಅದು ಬೆಳ್ಳಗೆ ಹೊಳೆಯುತ್ತ ಬಂದಾಗ, ಬೇರೆ ಬೀದಿಯ ನಾಯಿಯೆಂದು ನಾವೆಲ್ಲ ಸೇರಿ ಕಲ್ಲು ಹೊಡೆದೆವು. ಆ ನಾಯಿಯಿಂದ ನಾನು ಪಾಠ ಕಲಿಯಬೇಕಿತ್ತು. ಕಲಿಯಲಿಲ್ಲ.

ಅದೇ ಕಾಲದಲ್ಲಿ ನಮ್ಮೂರಿಗೆ ಕಳ್ಳಿ ಸಾಕುವ ಹುಚ್ಚು ಹಿಡಿಯಿತು. ಹಂಪಿಯ ಬಂಡೆಗಳ ಸಂದಿಯಲ್ಲಿ, ಹೊಲದ ಬದುವಿನಲ್ಲಿ ತಾನಾಗಿ ಬೆಳೆದ ಕಳ್ಳಿಯನ್ನು ಕಡಿದು ಬಿಸಾಡಿದ ಮನೆತನಗಳೇ, ಎರಡು ಲಾರಿ ಕೊಂಡ ಮೇಲೆ, ಹೊಸ ಬಂಗಲೆಯ ಮೆಟ್ಟಿಲ ಮೇಲೆ ಬಿಳಿ ಹರಳು ಹಾಸಿದ ಕುಂಡಗಳಲ್ಲಿ ಅದರ ದೂರದ ನೆಂಟರನ್ನು ತಂದು ಕೂರಿಸಿದವು. ಅದಕ್ಕೆ ಕಳ್ಳಿ ಎಂದರೆ ಅವಮಾನ, ಸಕ್ಯುಲೆಂಟ್ ಎನ್ನಬೇಕು. ಒಬ್ಬರ ಮನೆಯಲ್ಲಿ ನಾನು ಬಾಯಿ ತಪ್ಪಿ ಕಳ್ಳಿ ಅಂದಾಗ ಯಜಮಾನರು ಗಾಬರಿಯಿಂದ ಅಡುಗೆಮನೆಯ ಕಡೆ ನೋಡಿದರು. ಈ ಗಿಡಗಳ ಸ್ವಭಾವ ಓದಿದರೆ ಅವು ನಮ್ಮೂರಿಗೆ ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ. ಸಿಕ್ಕಾಗ ಹೊಟ್ಟೆ ತುಂಬ ಹೀರಿಕೊಳ್ಳುತ್ತವೆ, ಯಾರಿಗೂ ನೆರಳು ಕೊಡುವುದಿಲ್ಲ, ಹಗಲೆಲ್ಲ ಬಾಯಿ ಮುಚ್ಚಿಕೊಂಡಿದ್ದು ಕತ್ತಲಾದ ಮೇಲೆ ಉಸಿರಾಡುತ್ತವೆ. ಆ ವರ್ಷಗಳ ನಮ್ಮ ಗಣ್ಯರನ್ನು ಕುಂಡದಲ್ಲಿಟ್ಟಿದ್ದರೂ ಹೀಗೇ ಬೆಳೆಯುತ್ತಿದ್ದರು.

ನಾನು ಧಾರವಾಡದಲ್ಲಿ ತತ್ವಶಾಸ್ತ್ರ ಓದಿ ಬಂದು ಇಲ್ಲಿನ ಕಾಲೇಜಿನಲ್ಲಿ ತರ್ಕ ಕಲಿಸುತ್ತಿದ್ದವನು. ಊರಿನ ಹುಚ್ಚುಗಳನ್ನೆಲ್ಲ ದೂರದಿಂದ ನೋಡಿ ನಗುವುದು ನನ್ನ ಹುದ್ದೆಯ ಸವಲತ್ತು ಎಂದುಕೊಂಡಿದ್ದೆ. ಆದರೂ ಒಂದು ದಿನ ನಾನೂ ಒಂದು ಕುಂಡ ಕೊಂಡೆ. ಬರೀ ಅಧ್ಯಯನಕ್ಕೆ, ಎಂದು ಗಿರಿಜಾಗೆ ಹೇಳಿದೆ.

ಮಾರಿದವಳು ಬಂಡ್ರಿಯ ಎರ್ರಮ್ಮ. ಐವತ್ತರ ಹತ್ತಿರದ, ಗಟ್ಟಿ ದನಿಯ ಹೆಂಗಸು. ಗಣಿಯಲ್ಲಿ ಕಲ್ಲು ಆರಿಸುವ ಕೂಲಿ ಬಿಟ್ಟು, ಎಣ್ಣೆ ಡಬ್ಬಿ, ಒಡೆದ ಮಗ್ಗು, ತೂತು ಬಿದ್ದ ಬೋಗುಣಿ ಹೀಗೆ ಸಿಕ್ಕಿದ್ದರಲ್ಲಿ ಗಿಡ ಬೆಳೆಸಿ, ಬುಟ್ಟಿಯಲ್ಲಿ ಬಸ್ಸಿಗೆ ಹೇರಿಕೊಂಡು ಬರುತ್ತಿದ್ದಳು. ಅವಳಿಗೆ ಸಕ್ಯುಲೆಂಟೂ ಗೊತ್ತಿಲ್ಲ, ಕಳ್ಳಿ ಎನ್ನಲೂ ಮನಸ್ಸಿಲ್ಲ. “ನೀರ್ ಬ್ಯಾಡದ ಗಿಡ” ಎಂದು ಕೂಗುತ್ತಿದ್ದಳು. ನಾನು ಆರಿಸಿದ್ದು ಅವರೆಕಾಳಿನಂಥ ಪುಟ್ಟ ದಪ್ಪ ಎಲೆಗಳ, ದಾಳಿಂಬೆ ಬಣ್ಣದ ಗಿಡ.

“ಸರ, ಒಂದ್ ಮಾತು. ನೀರು ಹಾಕಬ್ಯಾಡ್ರಿ. ನೀರು ಹಾಕಿದ್ರ ಬಣ್ಣ ಹೋಗ್ತೈತಿ” ಅಂದಳು.

ಈ ವಾಕ್ಯದ ಬಗ್ಗೆ ಮಾತ್ರ ನನಗೂ ಗಿರಿಜಾಗೂ ಭಿನ್ನಾಭಿಪ್ರಾಯವಿಲ್ಲ. ಇಬ್ಬರೂ ಕೇಳಿದ್ದೇವೆ, ಇಬ್ಬರೂ ಬೇರೆ ಬೇರೆ ಅರ್ಥ ಮಾಡಿಕೊಂಡಿದ್ದೇವೆ.

ಹೊರಗಿಟ್ಟರೆ ಧೂಳು ಕೂರುತ್ತದೆಂದು ಗಿಡವನ್ನು ಪುಸ್ತಕದ ಬೀರುವಿನ ನೆರಳಿನಲ್ಲಿಟ್ಟೆ. ನೀರು ಬೇಡವೆಂದು ಅವಳು ಹೇಳಿದ್ದು ಮೌಢ್ಯವೆಂದು ತೀರ್ಮಾನಿಸಿ ದಿನಾ ಒಂದು ಲೋಟ ಹಾಕಿದೆ. ಓದಿದವನು ಬೇರೆಯವರು ಹೇಳಿದ್ದನ್ನು ಸುಮ್ಮನೆ ಕೇಳಿದರೆ ಓದಿದ್ದಕ್ಕೆ ಏನು ಅರ್ಥ? ಒಂದು ತಿಂಗಳಾಗುವುದರೊಳಗೆ ದಾಳಿಂಬೆ ಬಣ್ಣ ಹೋಗಿ, ಗಿಡ ಅಪ್ಪಟ ಬೆಂಡೆಕಾಯಿ ಹಸಿರಾಯಿತು. ನನ್ನ ತಲೆಯಲ್ಲಿ ದೀಪ ಹತ್ತಿತು. ನೀರು ಹಾಕಿದರೆ ಬಣ್ಣ ಹೋಗುತ್ತದೆ! ಅಂದರೆ ಅದು ಹಚ್ಚಿದ ಬಣ್ಣ. ಹಸಿರು ಗಿಡಕ್ಕೆ ಅದಿರಿನ ಪುಡಿ ಬಳಿದು ಮಾರಿದ್ದಾಳೆ. ತೊಳೆದರೆ ಹೋಗುತ್ತದೆಂದು ಅವಳ ಬಾಯಿಂದಲೇ ಬಂದಿದೆ. ತೆಲುಗಿನಲ್ಲಿ ಎರ್ರ ಎಂದರೆ ಕೆಂಪು ಎಂಬುದೂ ನೆನಪಾಗಿ, ಅವಳ ಹೆಸರನ್ನೇ ಇನ್ನೊಂದು ಪುರಾವೆಯೆಂದು ಸೇರಿಸಿಕೊಂಡೆ.

ಮರುದಿನವೇ ಹೋದೆ. ಗಿರಾಕಿಗಳು ಐದಾರು ಮಂದಿ ಇದ್ದರು. ಅವಳ ಸಾಲಿನಲ್ಲಿದ್ದ ಒಂದು ಕೆಂಪು ಗಿಡವನ್ನು ಎತ್ತಿ, ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು, ಪ್ರಯೋಗಶಾಲೆಯ ಗಾಂಭೀರ್ಯದಿಂದ ಎಲೆಗಳನ್ನು ಒರೆಸಿದೆ. ನಾಲ್ಕು ಎಲೆ ಪಟಪಟ ಉದುರಿದವು. ಕರವಸ್ತ್ರ ಕೆಂಪಾಯಿತು. ಅದನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದೆ. ಆಮೇಲೆ ಆ ಪದ.

ಎರ್ರಮ್ಮ ಅಳಲಿಲ್ಲ, ಬೈಯಲಿಲ್ಲ. ಸೆರಗನ್ನು ಸರಿಮಾಡಿಕೊಂಡು ಮುಖವನ್ನು ಮುಂದೆ ಮಾಡಿದಳು.

“ನನ್ನ ಮುಖಾನೂ ಒರಸ್ರಿ ಸರ. ಅದೂ ಕೆಂಪ ಬರ್ತೈತಿ. ನಿಮ್ಮ ಕುತಿಗಿ ಒರಸ್ಕೊಳ್ರಿ, ಬರದಿದ್ರ ನನ್ನ ಬುಟ್ಟಿನ ಒಯ್ರಿ!”

ಜನ ನಕ್ಕರು. ಅವರು ನಕ್ಕದ್ದು ಅವಳ ಉಡಾಫೆಗೆ ಎಂದುಕೊಂಡು ನಾನೂ ನಕ್ಕೆ. ಅದು ಉಡಾಫೆಯಲ್ಲ, ಶುದ್ಧ ತರ್ಕವಾಗಿತ್ತು. ಎಲ್ಲ ಕಡೆಯೂ ಇರುವ ಗುರುತು ಯಾವುದಕ್ಕೂ ಗುರುತಲ್ಲ. ನಮ್ಮ ನ್ಯಾಯಶಾಸ್ತ್ರ ಇದನ್ನು ಹೇತ್ವಾಭಾಸಗಳಲ್ಲಿ, ಅಂದರೆ ಹುಸಿ ಕಾರಣಗಳಲ್ಲಿ, ಮೊದಲನೆಯದಾಗಿ ಎಣಿಸುತ್ತದೆ. ಪ್ರತಿ ವರ್ಷ ಜುಲೈ ತಿಂಗಳಲ್ಲಿ ನಾನು ಇದನ್ನು ಬೋರ್ಡಿನ ಮೇಲೆ ಬರೆದು ವಿವರಿಸುತ್ತಿದ್ದೆ. ಬರೆದು ಮುಗಿದ ಮೇಲೆ ಕೈ ಒರೆಸಿಕೊಂಡ ಬಟ್ಟೆಯೂ ಕೆಂಪಾಗುತ್ತಿತ್ತು. ನಾನು ಬಳಸುತ್ತಿದ್ದದ್ದು ಬಿಳಿ ಸೀಮೆಸುಣ್ಣ.

ನನ್ನ ಶೋಧನೆ ಬೇಗ ಹಬ್ಬಿತು. ನಾನೇ ಹಬ್ಬಿಸಿದೆ; ಸ್ಟಾಫ್ ರೂಮಿನಲ್ಲಿ, ಕ್ಷೌರದಂಗಡಿಯಲ್ಲಿ, ಕಂಪ್ಲಿಯಲ್ಲಿ ಮಾವನ ಮನೆಯ ಊಟದ ಪಂಕ್ತಿಯಲ್ಲಿ. ಕೊಳ್ಳಲು ಬಂದವರೆಲ್ಲ ಕರವಸ್ತ್ರ ತೆಗೆಯತೊಡಗಿದರು. ಒರೆಸಿದರೆ ಕೆಂಪು, ಹೊರಟುಹೋದರು. ಹಸಿರು ಗಿಡಗಳನ್ನೂ ಒರೆಸಿದರು, ಆಗಲೂ ಬಟ್ಟೆ ಕೆಂಪು, ಹಸಿರಿಗೂ ಕೆಂಪು ಬಳಿದಿದ್ದಾಳೆಂದು ಸಿಟ್ಟಾದರು. ಹಸಿರು ಗಿಡಕ್ಕೆ ಕೆಂಪು ಬಳಿದರೆ ಅದು ಹಸಿರಾಗಿ ಕಾಣುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ಮುಂದಿನ ದೀಪಾವಳಿಯ ಹೊತ್ತಿಗೆ ಆ ಜಾಗದಲ್ಲಿ ಒಬ್ಬ ಮೊಬೈಲ್ ಕವರ್ ಮಾರುತ್ತಿದ್ದ. ಊರನ್ನೊಂದು ಮೋಸದಿಂದ ಪಾರುಮಾಡಿದೆನೆಂದು ನಾನು ಬೀಗಿದೆ. ಪಕ್ಕದಲ್ಲಿ ಗುಡ್ಡಕ್ಕೆ ಗುಡ್ಡವೇ ಲಾರಿ ಹತ್ತಿ ಹೋಗುತ್ತಿತ್ತು. ಅದನ್ನು ಒರೆಸಿ ನೋಡಲು ನನ್ನ ಜೇಬಿನಿಂದ ಕರವಸ್ತ್ರ ಹೊರಬಂದದ್ದಿಲ್ಲ.

ಕೊನೆಗೊಮ್ಮೆ ಕೋರ್ಟಿನ ಆದೇಶ ಬಂದು ಗಣಿಗಳು ನಿಂತವು. ಲಾರಿಗಳು ರಸ್ತೆ ಬದಿಯಲ್ಲಿ ಸಾಲಾಗಿ ನಿಂತು ತುಕ್ಕು ಹಿಡಿದವು. ಬಂಗಲೆಗಳ ಸಕ್ಯುಲೆಂಟುಗಳು ನೋಡಿಕೊಳ್ಳುವವರಿಲ್ಲದೆ, ಅಂದರೆ ನೀರು ಹಾಕುವವರಿಲ್ಲದೆ, ಮೊದಲ ಸಲ ಆರೋಗ್ಯವಾಗಿ ಬೆಳೆದವು. ನಮ್ಮ ಮನೆಯ ಬೆಂಡೆಕಾಯಿ ಹಸಿರಿನ ಗಿಡದ ಉದುರಿದ ಎಲೆಗಳನ್ನೆಲ್ಲ ಗಿರಿಜಾ ಮೊಸರಿನ ಡಬ್ಬಿಗಳಲ್ಲಿ ನೆಟ್ಟು ಒಂದು ಪಡೆಯನ್ನೇ ಬೆಳೆಸಿದ್ದಳು. ಒಂದು ಬೇಸಿಗೆಯಲ್ಲಿ ಮನೆಗೆ ಸುಣ್ಣ ಹೊಡೆಸಲು ಅವನ್ನೆಲ್ಲ ತೆರೆದ ಮಾಳಿಗೆಗೆ ಸಾಗಿಸಿ, ನಾವು ಎರಡು ತಿಂಗಳು ಕಂಪ್ಲಿಗೆ ಹೋದೆವು.

ಬಂದು ನೋಡಿದರೆ ಮಾಳಿಗೆಯ ಮೇಲೆ ಎಲ್ಲವೂ ದಾಳಿಂಬೆ ಬಣ್ಣ.

ಹಳೆಯ ಚಾಳಿಯಿಂದ, ಧೂಳು ಅಂದೆ.

“ಲಾರಿ ಎಲ್ಲಿ ಅದಾವ್ರೀ?” ಎಂದಳು ಗಿರಿಜಾ. ಒಂದು ಡಬ್ಬಿ ಎತ್ತಿ ಹಿಡಿದು, “ಅವತ್ತೂ ನೀವು ಒರೆಸಿದ ಮ್ಯಾಲೆ ಎಲಿ ಕೆಂಪಗ ಇತ್ತು. ನೀವು ಕರ್ಚೀಪ್ ನೋಡಾಕತ್ತಿದ್ರಿ. ನಾ ಎಲಿ ನೋಡಿದೆ.”

“ಅವತ್ತೇ ಯಾಕೆ ಹೇಳಲಿಲ್ಲ?”

“ನಿಮಗ ಹೇಳೋದಾ? ನೀವು ಪಾಠ ಮಾಡಾಕತ್ತಿದ್ರಿ.”

ಆಮೇಲೆ ಪುಸ್ತಕ ತೆರೆದೆ. ಈ ಜಾತಿಯ ಗಿಡಗಳು ಸುಡುಬಿಸಿಲಿನಲ್ಲಿ, ನೀರಿಲ್ಲದ ಸಂಕಟದಲ್ಲಿ, ತಾವೇ ಕೆಂಪಾಗುತ್ತವೆ. ನೆರಳಿನಲ್ಲಿಟ್ಟು ನೀರು ಕುಡಿಸಿದರೆ ಸುಖ ಹೆಚ್ಚಾಗಿ ಹಸಿರಿಗೆ ತಿರುಗುತ್ತವೆ. ನೀರು ಹಾಕಿದರೆ ಬಣ್ಣ ಹೋಗುತ್ತದೆ. ಎರ್ರಮ್ಮ ನಾಲ್ಕು ಪದಗಳಲ್ಲಿ ಹೇಳಿದ್ದನ್ನು ಪುಸ್ತಕ ಎರಡು ಪುಟಗಳಲ್ಲಿ ಹೇಳಿತ್ತು.

ಬಂಡ್ರಿಗೆ ಹೋದೆ. ಒಂದು ಮೊಸರಿನ ಡಬ್ಬಿಯ ಗಿಡವನ್ನೂ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದೆ. ಎರ್ರಮ್ಮನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಜೋಳದ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದಳು. ಅಂಗಳದ ತುಂಬ ಕೆಂಪು ಗಿಡಗಳು ಹಾಗೇ ಇದ್ದವು. ಕೊಳ್ಳುವವರಿಲ್ಲದೆ ಡಬ್ಬಿ ದಾಟಿ ನೆಲಕ್ಕಿಳಿದಿದ್ದವು. ಅವಳು ನನ್ನನ್ನು ಗುರುತಿಸಲಿಲ್ಲ. ಕರವಸ್ತ್ರದವನು ಎಂದೆ.

“ಯಾವ ಕರ್ಚೀಪು? ಭಾಳ ಮಂದಿ ಬಂದಿದ್ರು.”

“ಮೊದಲನೆಯವನು.”

“ಓ, ಕಳ್ಳಿ ಅಂದ್ರಲ್ಲ, ಅವರಾ?” ಎಂದಳು. ಗಿಡದ ಹೆಸರು ಹೇಳಿದೆ ಎಂಬ ವಾದವನ್ನು ಬಸ್ಸಿನಲ್ಲೇ ಬಿಟ್ಟು ಬಂದಿದ್ದೆ. ತಪ್ಪಾಯಿತು ಎಂದೆ.

ಅವಳು ನನ್ನ ಡಬ್ಬಿಯನ್ನು ತಿರುಗಿಸಿ ನೋಡಿ, “ಚಂದ ಬಂದೈತಿ. ಈಗಾದ್ರೂ ನೀರು ಹಾಕೋದು ಬಿಟ್ರಲ್ಲ” ಅಂದಳು. ಆಮೇಲೆ, “ಇಲ್ಲಿ ಬಂದು ನನಗ ತಪ್ಪಾತು ಅಂದ್ರ ಏನು ಬಂತು ಸರ? ನನ್ನ ಗಿಡ ಖರೇವು ಅಂತ ನನಗ ಗೊತ್ತೈತಿ. ಅವತ್ತ ಮಂದಿ ಮುಂದ ಅಂದಿದ್ರಿ. ಮಂದಿ ಮುಂದ ಒರಸ್ರಿ.”

ಹೀಗೆ ಮುಂದಿನ ಸೋಮವಾರ, ಮೊಬೈಲ್ ಕವರಿನವನನ್ನು ಕಾಡಿ ಬೇಡಿ ಒಂದು ಮಾರು ಜಾಗ ಬಿಡಿಸಿಕೊಂಡು, ಎರ್ರಮ್ಮ ಬುಟ್ಟಿ ಇಳಿಸಿದಳು. ನಾನು ಹೊಸ ಬಿಳಿ ಕರವಸ್ತ್ರದೊಂದಿಗೆ ಪಕ್ಕದಲ್ಲಿ ನಿಂತೆ. ಭಾಷಣವೊಂದನ್ನು ಸಿದ್ಧಮಾಡಿಕೊಂಡಿದ್ದೆ. ಕೇಳಲು ಯಾರಿಗೂ ಪುರಸೊತ್ತಿರಲಿಲ್ಲ. ಅವತ್ತಿನ ಐದಾರು ಮಂದಿಯಲ್ಲಿ ಒಬ್ಬರೂ ಬರಲಿಲ್ಲ. ಬಂದಿದ್ದರೂ ನನಗೆ ಗುರುತು ಹತ್ತುತ್ತಿರಲಿಲ್ಲ. ಹಗರಣ ನೋಡಲು ನಿಂತಷ್ಟು ಜನ ತಿದ್ದುಪಡಿ ನೋಡಲು ನಿಲ್ಲುವುದಿಲ್ಲ ಎಂಬುದು ಅಲ್ಲಿ ತಿಳಿಯಿತು. ನಿಂತವರು ಮೂವರು: ಟಿ.ಬಿ. ಡ್ಯಾಂ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಹೆಂಗಸು, ಮೊಬೈಲ್ ಕವರಿನವನು, ಮತ್ತು ಈ ಸಲ ಖಂಡಿತ ಅಲ್ಲಿದ್ದ ಗಿರಿಜಾ.

“ಜೋರ ಒರಸ್ರಿ ಸರ, ಅವತ್ತಿನಂಗ” ಎಂದಳು ಎರ್ರಮ್ಮ.

ಒರೆಸಿದೆ. ಎಲೆಗಳು ಉದುರಿದವು. ಅವಳು ಅವನ್ನು ಒಂದೊಂದಾಗಿ ಆರಿಸಿ ಸೆರಗಿಗೆ ಹಾಕಿಕೊಂಡು, “ಬೀಳ್ಲಿ ಬಿಡ್ರಿ, ಇವೂ ಗಿಡ ಆಗ್ತಾವ” ಎಂದಳು. ಬಸ್ಸಿಗೆ ಕಾಯುತ್ತಿದ್ದ ಹೆಂಗಸು ಕುತ್ತಿಗೆ ಚಾಚಿ, “ಯಾಕ್ರೀ ಪಾಪ ಗಿಡಾನ ತಿಕ್ಕಾಕತ್ತೀರಿ?” ಎಂದು ನನ್ನನ್ನು ಗದರಿ, ಅದನ್ನು ನನ್ನ ಕೈಯಿಂದ ಬಿಡಿಸುವ ಸಲುವಾಗಿಯೇ ಕೊಂಡುಕೊಂಡಳು. ನೀರು ಹಾಕಬ್ಯಾಡ್ರಿ, ಬಣ್ಣ ಹೋಗ್ತೈತಿ ಎಂದು ಎರ್ರಮ್ಮ ಅವಳಿಗೂ ಹೇಳಿದಳು.

ಅವತ್ತು ನಾನು ಅಂದದ್ದು ಯಾರಿಗೆ, ಕೂಗಿದೆನೋ ಮೆಲ್ಲಗೆ ಹೇಳಿದೆನೋ, ಒರೆಸಿದ ಎಲೆ ನನ್ನ ಕಣ್ಣಿಗೂ ಕೆಂಪಗೆ ಕಂಡು ನಾನೇ ಮರೆತೆನೋ, ಇವುಗಳಲ್ಲಿ ಯಾವುದನ್ನೂ ನಾನು ಪ್ರಮಾಣ ಮಾಡಿ ಹೇಳಲಾರೆ. ಕರವಸ್ತ್ರವನ್ನು ಮಾತ್ರ ಮಡಿಸದೆ ಮನೆಗೆ ತಂದು, ಕಿಟಕಿಯ ಬಿಸಿಲಿಗೆ ಹಿಡಿದು, ಎರಡೂ ಬದಿ ತಿರುಗಿಸಿ ನೋಡಿದೆ. ಗಿರಿಜಾಗೂ ತೋರಿಸಿದೆ. ಅದು ಬಿಳಿಯಾಗಿತ್ತು.