ಬೇರಿಂಗ್ ಎಡಗಡೆಯದು ಎಂದಿದ್ದೆ

ಹರಿಹರದ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಲೇತ್ ಮುಂದೆ ನಿಂತವನು ನಾನು. ನಿವೃತ್ತನಾಗಿ ದಾವಣಗೆರೆಯ ಸರಸ್ವತಿ ನಗರದಲ್ಲಿ ಮನೆ ಮಾಡಿಕೊಂಡ ಮೇಲೂ ನನಗೆ ಉಳಿದಿದ್ದ ಒಂದೇ ಜಂಬವೆಂದರೆ ನನ್ನ ಕಿವಿಯದು. ಯಂತ್ರದ ಸದ್ದು ಕೇಳಿ ಅದರ ರೋಗ ಹೇಳುತ್ತಿದ್ದೆ. ನಮ್ಮ ಮಿಕ್ಸಿ, ಪಕ್ಕದ ಮನೆಯ ನೀರಿನ ಪಂಪು, ಎದುರು ಮನೆಯವರ ಸ್ಕೂಟರು, ಯಾವುದನ್ನೂ ಬಿಡುತ್ತಿರಲಿಲ್ಲ. ಯಾರೂ ಕೇಳದಿದ್ದರೂ ಹೇಳುತ್ತಿದ್ದೆ.

ಹೋದ ವರ್ಷ ಮಾಯಕೊಂಡದ ನೆಂಟರ ಮನೆಯಿಂದ ಬರುವಾಗ ನಮ್ಮ ಹಳೆಯ ಕಾರು ಅರವತ್ತರ ವೇಗ ದಾಟುತ್ತಲೇ ಗುಂಯ್ ಎನ್ನತೊಡಗಿತು. ಮುಂದಿನ ಚಕ್ರದ ಬೇರಿಂಗ್ ಹೋಗಿದೆ ಎಂದು ಆ ಕ್ಷಣವೇ ತಿಳಿಯಿತು. ನನ್ನ ಎಡಗಡೆಯ ಸೀಟಿನಲ್ಲಿ ಹೆಂಡತಿ ಎಂದಿನಂತೆ ಮಾತಾಡುತ್ತಲೇ ಇದ್ದಳು. ಮನೆಯಲ್ಲಿ ಅವಳು ಮಾತಾಡುವುದೇ ಕಡಿಮೆ. ಆಡಿದರೂ ತನ್ನೊಳಗೇ ಗೊಣಗಿಕೊಂಡ ಹಾಗಿರುತ್ತದೆ. ಊಟಕ್ಕೆ ಕೂತಾಗ, ಸ್ವಲ್ಪ ಬಾಯಿ ಬಿಟ್ಟು ಹೇಳು ಎಂದು ಎಷ್ಟು ಸಲ ಗದರಿದ್ದೇನೋ ಲೆಕ್ಕವಿಲ್ಲ. ಅದೇ ಕಾರು ಹತ್ತಿದರೆ ಸಾಕು, ವಾರದ ಮಾತನ್ನೆಲ್ಲ ಬಿಚ್ಚುತ್ತಾಳೆ. ಕಾರಿಗೂ ನಿನ್ನ ಬಾಯಿಗೂ ಒಂದೇ ಕೀಲಿ ಎಂದು ನಾನು ರೇಗಿಸುವುದುಂಟು.

ಆ ದಿನ ಮಾತಿನ ನಡುವೆ ಅವಳು, "ನಿಮ್ ಕಡೆ ಏನೋ ಗುಂಯ್ ಅಂತೈತಲ್ರಿ" ಎಂದಳು. ಸದ್ದು ನನ್ನ ಕಡೆಯದಲ್ಲ, ನಿನ್ನ ಕಡೆಯದು, ಎಡಗಡೆಯ ಚಕ್ರದ್ದು, ಯಂತ್ರದ ವಿಷಯ ನನಗೆ ಬಿಡು ಎಂದು ಬಾಯಿ ಮುಚ್ಚಿಸಿದೆ. ಅವಳು ಕಿಟಕಿಯ ಆಚೆ ನೋಡತೊಡಗಿದಳು.

ಮರುದಿನ ದಾವಣಗೆರೆಯ ದೊಡ್ಡದೊಂದು ಸರ್ವಿಸ್ ಸೆಂಟರಿಗೆ ಹೋದೆ. ತಣ್ಣನೆಯ ಕೋಣೆಯಲ್ಲಿ ಕೂರಿಸಿ, ಕಾಫಿ ಕೊಟ್ಟು, ಒಂದು ಹಾಳೆ ಕೈಗಿತ್ತರು. ಎರಡೂ ಕಡೆಯ ಬೇರಿಂಗ್, ಹಬ್, ಕೂಲಿ, ತೆರಿಗೆ ಎಲ್ಲ ಸೇರಿ ಒಂಬತ್ತು ಸಾವಿರದ ಮೇಲೆ ಚಿಲ್ಲರೆ. ಹೋಗಿರುವುದು ಒಂದೇ ತಾನೇ ಎಂದು ಕೇಳಿದರೆ, ಹಾಕಿಸುವುದಾದರೆ ಜೊತೆಯಾಗಿಯೇ ಹಾಕಿಸಬೇಕು ಸಾರ್ ಎಂದರು. ಚಪ್ಪಲಿ ಅಂಗಡಿಯಲ್ಲಿ ಹೇಳುವ ಮಾತದು. ಕಾಫಿ ಅರ್ಧಕ್ಕೇ ಬಿಟ್ಟು ಎದ್ದುಬಂದೆ. ಬಿಡಿಭಾಗದ ಅಂಗಡಿಯಲ್ಲಿ ಸಾವಿರದ ನಾನೂರ ಐವತ್ತು ಕೊಟ್ಟು ಒಂದು ಬೇರಿಂಗ್ ಕೊಂಡು ಹರಿಹರದ ದಾರಿ ಹಿಡಿದೆ.

ಹರಿಹರದಲ್ಲಿ ನಮ್ಮ ಕಾರ್ಖಾನೆಯ ಹಳಬರೆಲ್ಲ ಗಾಡಿ ಬಿಡುತ್ತಿದ್ದುದು ಒಬ್ಬ ಸಾಬರ ಗ್ಯಾರೇಜಿನಲ್ಲಿ. ವಯಸ್ಸಿನಲ್ಲಿ ನನ್ನ ಓರಗೆಯವರೇ ಆದ ಆ ಮಿಸ್ತ್ರಿಯನ್ನು ನಾನು ನೋಡಿದ್ದು ಅಂದೇ ಮೊದಲು. ಬೇರಿಂಗಿನ ಡಬ್ಬಿ ಅವರ ಕೈಗೆ ಕೊಟ್ಟು, ಎಡಗಡೆಯ ಮುಂದಿನದು, ಹಾಕಿಬಿಡಿ ಎಂದೆ. ಕೂಲಿ ಆರು ನೂರು ಎಂದರು. ಒಪ್ಪಿದೆ.

ಅವರು ಕಾರಿನ ಮೂತಿ ಎತ್ತಿ ಜಾಕ್ ಕೊಟ್ಟರು. ಒಂದು ಕೈಯಿಂದ ಎಡಗಡೆಯ ಚಕ್ರ ತಿರುಗಿಸುತ್ತಾ, ಇನ್ನೊಂದು ಕೈಯ ಎರಡು ಬೆರಳನ್ನು ಚಕ್ರದ ಹಿಂದಿನ ಸ್ಪ್ರಿಂಗ್ ಮೇಲೆ ಇಟ್ಟು ಕಣ್ಣು ಮುಚ್ಚಿದರು. ಡಾಕ್ಟರು ನಾಡಿ ಹಿಡಿದ ಹಾಗೆ. ಆಮೇಲೆ ನಾನು ಹೇಳದಿದ್ದರೂ ಬಲಗಡೆಗೆ ಹೋಗಿ ಹಾಗೆಯೇ ಮಾಡಿದರು. ಮತ್ತೆ ಎಡಕ್ಕೆ ಬಂದರು.

"ಎಡಗಡೇದು ಗಟ್ಟಿ ಐತ್ರಿ ಸಾಹೇಬ್ರ. ಹೋಗಿರೋದು ಬಲಗಡೇದು" ಎಂದರು.

ನನಗೆ ಪಿತ್ತ ನೆತ್ತಿಗೇರಿತು. ಮೂವತ್ತೊಂದು ವರ್ಷದ ಕಥೆಯನ್ನೆಲ್ಲ ಹೇಳಿ, ನನ್ನ ಕಿವಿಗಿಂತ ನಿಮ್ಮ ಬೆರಳು ದೊಡ್ಡದೇ, ಹೇಳಿದಷ್ಟು ಮಾಡಿ ಕೂಲಿ ತಗೊಳ್ಳಿ ಎಂದೆ. ಬೇರೆ ಯಾರಾದರೂ ಆಗಿದ್ದರೆ ಹಾಗೆಯೇ ಮಾಡುತ್ತಿದ್ದರು. ಸದ್ದು ನಿಲ್ಲದೆ ನಾನು ನಾಲ್ಕು ದಿನಕ್ಕೆ ಮತ್ತೆ ಹೋಗುತ್ತಿದ್ದೆ, ಇನ್ನೊಂದು ಬೇರಿಂಗ್, ಇನ್ನೊಂದು ಆರು ನೂರು. ಅವರು ಹಳೇ ಬಟ್ಟೆಯಲ್ಲಿ ಕೈ ಒರೆಸಿಕೊಂಡರು.

"ಒಳ್ಳೆ ಬೇರಿಂಗ್ ಒಂದ್ಸಲ ಒತ್ತಿ ತೆಗದ್ರ ಮತ್ತ ಹಾಕಾಕ ಬರಂಗಿಲ್ರಿ. ಗಟ್ಟಿ ಇರೋದನ್ನ ನನ್ನ ಕೈಯಾರೆ ಕೆಡಸಂಗಿಲ್ಲ. ಬ್ಯಾಡ ಅಂದ್ರ ಗಾಡಿ ತಗೊಂಡು ಹೋಗ್ರಿ."

ಅದು ನಿಜವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಒತ್ತಿ ತೆಗೆಯುವಾಗ ಒಳಗಿನ ಗುಂಡುಗಳು ಕೂತ ಜಾಗಕ್ಕೆ ಗಾಯವಾಗುತ್ತದೆ, ಆಮೇಲೆ ಅದು ಗುಜರಿಗೇ ಸರಿ. ಅವರು ನನ್ನ ಕೈ ಹಿಡಿದು ಬಲಗಡೆಯ ಸ್ಪ್ರಿಂಗ್ ಮೇಲೆ ಬೆರಳು ಇಡಿಸಿ ಚಕ್ರ ತಿರುಗಿಸಿದರು. ರವೆಯ ಮೇಲೆ ಏನೋ ಉರುಳಿದ ಹಾಗೆ ಬೆರಳಿಗೆ ಚುರುಚುರು ಹತ್ತಿತು. ಎಡಗಡೆ ಇಟ್ಟರೆ ಏನೂ ಇಲ್ಲ, ಎಣ್ಣೆಯಂಥ ನುಣುಪು. ಇನ್ನೊಮ್ಮೆ ಬಲಕ್ಕೆ ಹೋಗಿ ನೋಡಿದೆ. ಅದೇ ಚುರುಚುರು.

ಹಾಗಾದರೆ ನನ್ನ ಕಿವಿ ಎಡವೆಂದು ಯಾಕೆ ಹೇಳಿತು? ಪೆಚ್ಚಾಗಿ ನಿಂತೆ. ಬೆಂಚಿನ ಮೇಲೆ ಬೇರೆ ಗಿರಾಕಿಗಳು ಕೂತಿದ್ದರು. ಮಿಸ್ತ್ರಿ ಕಾರನ್ನು ಸುತ್ತಿ ಬಂದು ನನ್ನ ಎಡಕ್ಕೆ ನಿಂತು, ಕಾರ್ಖಾನೆಯಲ್ಲಿ ನಿಮ್ಮ ಬಲಕ್ಕೆ ಯಾವ ಮೆಷಿನ್ ಇತ್ತು ಎಂದು ಕೇಳಿದರು. ತಗಡು ಕತ್ತರಿಸುವ ಪ್ರೆಸ್ ಎಂದೆ. ಅದರ ಬಡಿತ ದಿನವಿಡೀ ಇರುತ್ತಿತ್ತು. ಅವರು ಬೆಂಚಿನವರಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದರು:

"ನಾ ಬಲಕ್ಕ ನಿಂತು ಮಾತಾಡಿದಾಗೆಲ್ಲ ನೀವು ಕತ್ತು ತಿರುಗಿಸಿ ಎಡಗಿವಿ ಕೊಡ್ತೀರಿ. ನಿಮ್ಮ ಬಲಗಿವಿ ಹೋಗೈತ್ರಿ. ಅದಕ್ಕ ಸದ್ದು ಎಲ್ಲಿದ್ರೂ ನಿಮಗ ಎಡಕ್ಕ ಇದ್ದಂಗ ಆಗ್ತೈತೆ. ನನಗೂ ಹಂಗ ಆಗೈತ್ರಿ. ಆಮ್ಯಾಲೆ ನಾನು ಬೆರಳು ಇಡೋದು ಕಲ್ತೆ."

ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಆ ಮನುಷ್ಯನ ಮೇಲೆ ಗೌರವ ಉಕ್ಕಿ ಬಂತು. ಕಾರ್ಖಾನೆಯಲ್ಲಿ ಎಂಥೆಂಥ ಕೆಲಸಗಾರರನ್ನು ಕಂಡಿದ್ದೇನೆ. ಕಿವಿ ಕೈಕೊಟ್ಟಿದ್ದನ್ನು ಒಪ್ಪಿಕೊಂಡು, ಅದರ ಕೆಲಸವನ್ನು ಬೆರಳಿಗೆ ವಹಿಸಿದವರನ್ನು ಕಂಡಿರಲಿಲ್ಲ. ನಾನಂತೂ ಕೇಳಿಸದಿದ್ದಾಗೆಲ್ಲ ಎದುರಿನವರನ್ನೇ ಬೈದು ಕಾಲ ಹಾಕಿದ್ದೆ.

ಬೇರಿಂಗ್ ಎರಡೂ ಕಡೆಗೆ ಒಂದೇ ಆದ್ದರಿಂದ ನಾನು ಕೊಂಡದ್ದು ದಂಡವಾಗಲಿಲ್ಲ. ಎರಡು ತಾಸಿನಲ್ಲಿ ಕೆಲಸ ಮುಗಿಯಿತು. ಒಂಬತ್ತು ಸಾವಿರದ ರಿಪೇರಿ ಎರಡು ಸಾವಿರದ ಐವತ್ತಕ್ಕೆ ಆಗಿತ್ತು. ವಾಪಸ್ ಬರುವಾಗ ಬೇಕೆಂದೇ ಅರವತ್ತು ದಾಟಿಸಿದೆ. ಸದ್ದಿರಲಿಲ್ಲ. ಆದರೂ ಕಿವಿಯ ಮಾತು ನಂಬುವ ಧೈರ್ಯವಾಗದೆ ಸ್ಟೀರಿಂಗ್ ಮೇಲೆ ಬೆರಳು ಒತ್ತಿ ನೋಡಿದೆ. ಅಲ್ಲೂ ನಡುಕವಿರಲಿಲ್ಲ.

ಮನೆಗೆ ಬಂದಾಗ ಊಟದ ಹೊತ್ತು. ನಮ್ಮ ಮೇಜಿನಲ್ಲಿ ಅವಳದು ಯಾವಾಗಲೂ ನನ್ನ ಬಲಗಡೆಯ ಕುರ್ಚಿ. ನಾನು ತಟ್ಟೆ ಎತ್ತಿಕೊಂಡು ಹೋಗಿ, ಅವಳು ನನ್ನ ಎಡಕ್ಕೆ ಬರುವ ಹಾಗೆ ಅವಳ ಆಚೆ ಬದಿಗೆ ಕೂತೆ. ಯಾಕೆ ಅಲ್ಲಿ ಕೂತಿರಿ ಎಂದು ಕೇಳಿದಳು. ಬೇರಿಂಗ್ ನೀನು ಹೇಳಿದ ಕಡೆಯದೇ ಆಗಿತ್ತು ಎಂದೆ. ನನ್ನ ಬಲಗಿವಿ ಹೋಗಿದೆ, ನೀನು ಗೊಣಗುತ್ತಿರಲಿಲ್ಲ, ನನಗೇ ಕೇಳಿಸುತ್ತಿರಲಿಲ್ಲ ಎಂದೂ ಹೇಳಿದೆ.

ಅವಳು ರೊಟ್ಟಿ ಬಡಿಸುತ್ತಾ, "ಗೊತ್ತೈತ್ರಿ. ಅದಕ್ಕ ಅಲ್ಲೇನ್ರಿ ನಾನು ಎಲ್ಲಾ ಮಾತು ಕಾರಿಗೆ ಅಂತ ಇಟ್ಕೊಳ್ಳೋದು" ಎಂದಳು.

ಆ ದಿನ ಊಟ ಮುಗಿಸಲು ನಮಗೆ ಒಂದೂವರೆ ತಾಸು ಹಿಡಿಯಿತು.